ಚಿತ್ರ ಬಾರದ ಟೀವಿ

೧೯೮೬ರ ಮಾರ್ಚ್ ೧೦, ಸೋಮವಾರ ಬೆಳಿಗ್ಗೆ ತಾಲ್ಲೂಕು ಕಚೇರಿಯ ಗುಮಾಸ್ತ ಜಯತೀರ್ಥ ಆಳಂದ ಠಾಣೆಗೆ ಬಂದು ದೂರು ಕೊಟ್ಟ. ಬಿಡಿಭಾಗ ತಂದು ಎರಡು ವರ್ಷ ಕೂತು ತಾನೇ ಜೋಡಿಸಿದ್ದ ಟೀವಿಯ ಒಳಗಿನ ಬೋರ್ಡು ಕಳುವಾಗಿತ್ತು.

ಸಬ್ ಇನ್ಸ್‌ಪೆಕ್ಟರ್ ಶಾಂತಲಿಂಗಪ್ಪನಿಗೆ ನಗು ಬಂತು. ಖಜೂರಿ ಗಡಿಯಲ್ಲಿ ಲಾರಿಗಟ್ಟಲೆ ತೊಗರಿ ಮಾಯವಾಗುವಾಗ ಇದೊಂದು ಬೋರ್ಡಿನ ಕೇಸು! ಆದರೂ ಮನೆ ಹೊಕ್ಕು ಕದ್ದದ್ದಕ್ಕೆ ಕಲಂ ೪೫೪, ೩೮೦ರಡಿ ಎಫ್‌ಐಆರ್ ಹಾಕಿಸಿದ.

"ಮನ್ಯಾಗ ಯಾರೂ ಇದ್ದಿಲ್ಲೇನ್ರಿ?"

"ಹಿರೋಳ್ಳಿಗೆ ಮದುವೀಗೆ ಹೋಗಿದ್ವಿರಿ. ಬರೋದ್ರಾಗ ಹಿತ್ತಲ ಬಾಗಲಾ ತೆರದಿತ್ತು."

ಜಯತೀರ್ಥನ ಮನೆಗೆ ಹೋಗಿ ಸ್ಥಳ ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೆಬಲ್ ಖಾದರಸಾಬ ತಲೆ ಎತ್ತಿದ. "ಸಾಹೇಬ್ರ, ಬೆಳ್ಳಿ ಸಾಮಾನು ಇದ್ದಲ್ಲೇ ಅದಾವರಿ."

ಬೋರ್ಡನ್ನು ಕಿತ್ತಿರಲಿಲ್ಲ. ಬೆಸುಗೆ ಕಾಯಿಸಿ ನಾಜೂಕಾಗಿ ಬಿಡಿಸಿದ್ದರು. ಬರಿದಾಗಿ ಉಳಿದ ವೈರುಗಳ ತುದಿಗೆಲ್ಲ ಕರಿ ಟೇಪು ಸುತ್ತಿತ್ತು. ಶಾಂತಲಿಂಗಪ್ಪನ ನಗು ಅಲ್ಲಿಗೆ ನಿಂತಿತು.

"ಕಳ್ಳ ಸಿಕ್ಕದ್ದು ತಗೊಂಡು ಓಡ್ತಾನ. ಇಂವಾ ಟೇಪ್ ಯಾಕ ಸುತ್ಯಾನ?"

"ಯಾರಿಗೂ ಕರೆಂಟ್ ಹೊಡೀಬಾರದಂತರಿ. ನಾನೂ ಹಂಗ ಸುತ್ತತೇನಿ" ಎಂದ ಜಯತೀರ್ಥ.

"ನಿಮಗ ಕಲಿಸಿದವರು ಯಾರು?"

ಜಯತೀರ್ಥ ಪಕ್ಕದ ಮನೆಯ ಗೋಡೆಯತ್ತ ನೋಡಿದ. ಹೆಂಡತಿ ಲೀಲಾಬಾಯಿ ಅಡುಗೆಮನೆ ಬಾಗಿಲಿಂದ ಹೇಳಿದಳು: "ಜಗದೇವಪ್ಪ ಅಣ್ಣಾರ್ರಿ. ಬಾಜೂ ಮನಿಯವರು."

ಜಗದೇವಪ್ಪ ತೊಗರಿ ದಲಾಲಿಯ ಅಡತಿ ಅಂಗಡಿ ಇಟ್ಟ ಸಾಹುಕಾರ. ರೇಡಿಯೊ ಜೋಡಿಸುವ ಹುಚ್ಚು ಹಳೆಯದು. ಜಯತೀರ್ಥನ ಕೈಗೆ ಸೋಲ್ಡರಿಂಗ್ ಐರನ್ ಕೊಟ್ಟವನೇ ಅವನು. ಇಬ್ಬರೂ ಒಟ್ಟಿಗೇ ಟೀವಿ ಶುರು ಮಾಡಿದರು; ಶಿಷ್ಯನದರಲ್ಲಿ ಚಿತ್ರ ಬಂತು, ಗುರುವಿನದರಲ್ಲಿ ಬರಲಿಲ್ಲ. ಈ ಬೇನೆ ಶಾಂತಲಿಂಗಪ್ಪನಿಗೆ ಗೊತ್ತಿತ್ತು. ಅವನ ಜೊತೆಗೇ ಕೆಲಸಕ್ಕೆ ಸೇರಿದವನೊಬ್ಬ ಹೋದ ವರ್ಷ ಇನ್ಸ್‌ಪೆಕ್ಟರ್ ಆದಾಗಿನಿಂದ ಅವನಿಗೂ ಉಂಡ ಅನ್ನ ಮೈಗೆ ಹತ್ತಿರಲಿಲ್ಲ.

ಮಧ್ಯಾಹ್ನ ಬಾಗಿಲು ತೆಗೆದವಳು ಜಗದೇವಪ್ಪನ ಹೆಂಡತಿ ಗೌರಾಬಾಯಿ. ಒಳಖೋಲಿಯ ಚಿಲಕ ಹಾಕಿತ್ತು. ಖಾದರಸಾಬ ಬಡಿದ ಮೇಲೆ ಜಗದೇವಪ್ಪ ತೆರೆದ. ಮೇಜಿನ ಮೇಲೆ ಟೀವಿ, ಅದರೊಳಗೆ ಜಯತೀರ್ಥನ ಬೋರ್ಡು, ಪರದೆಯ ಮೇಲೆ ಬರೀ ಚುಕ್ಕೆ.

"ಇದನ್ನ ಹಾಕಿದ್ರೂ ಚಿತ್ರ ಬರಲಿಲ್ಲರಿ" ಎಂದ ಜಗದೇವಪ್ಪ. ಸುಳ್ಳು ಹೇಳುವ ತ್ರಾಣವೂ ಉಳಿದಿರಲಿಲ್ಲ.

"ದುಡ್ಡಿಗೇನು ಬರ ನಿಮಗ? ಹೊಸಾದು ತರಬೇಕಿತ್ತು."

"ಕೊಂಡದ್ದಕ್ಕ ಯಾರು ಶಹಬ್ಬಾಸ್ ಅಂತಾರ್ರಿ? ನಾ ಕಲಿಸಿದ ಹುಡುಗ ಅಂವಾ. ಐತವಾರ ಸಿನೆಮಾ ಬಂತಂದ್ರ ಇಡೀ ಗಲ್ಲಿ ಅವನ ಪಡಸಾಲ್ಯಾಗ. ನನ್ನ ಹೇಣ್ತಿ ಇಕೀನೂ ಅಲ್ಲೇ, ಎಲ್ಲಾರಿಗಿಂತ ಮುಂದ. ಇಕಿ ನಗೋದು ಗ್ವಾಡಿ ದಾಟಿ ಈ ಖೋಲಿಗೆ ಕೇಳ್ತಿತ್ತರಿ."

"ಮತ್ತ ಟೇಪು?"

"ಅವನ ಟೀವಿ ಮುಂದ ಕೂಡಾಕಿ ಇಕೀನ ಅಲ್ಲೇನ್ರಿ."

ಬೋರ್ಡನ್ನು ಜಪ್ತಿ ಮಾಡಿ, ಪಂಚರ ಸಹಿ ಹಾಕಿಸಿ, ಜಗದೇವಪ್ಪನನ್ನು ದಸ್ತಗಿರಿ ಮಾಡಿದರು. ಗಲ್ಲಿಯ ಜನ ಆಗಲೇ ಕಟ್ಟೆಗೆ ಬಂದು ನಿಂತಿದ್ದರು. ಗೌರಾಬಾಯಿ ಅವರತ್ತ ನೋಡಲಿಲ್ಲ. ಗಂಡನ ಚಪ್ಪಲಿ ತಂದು ಹೊಸ್ತಿಲಲ್ಲಿ ಇಟ್ಟಳು.

"ಎರಡು ವರ್ಷ ಚಿಲಕಾ ಹಾಕ್ಕೊಂಡು ಕುಂತ್ರಿ. ಒಂದಿನಾರ ಒಳಗ ಬಾ ಅಂದಿದ್ರ, ಆ ಚುಕ್ಕಿ ನೋಡಕೋತನ ಕೂಡ್ತಿದ್ದೆ."