ಅರವತ್ತು ಜನ ಪಾಸಾಗಬೇಕಿತ್ತು

ಬೀರು ಬಾಯಿ ತೆರೆದುಕೊಂಡು ನಿಂತಿತ್ತು.

ಮೊದಲು ನೋಡಿದವಳು ಇಸ್ತ್ರಿ ಅಜ್ಜಿ. ಬೆಳಗಿನ ಏಳೂವರೆಗೆ, ಎಲ್ಲರಿಗಿಂತ ಮುಂಚೆ, ಎರಡು ಮಹಡಿ ಹತ್ತಿ ಬಂದಿದ್ದಳು. ಮಂಡಿ ಹಿಡಿದುಕೊಂಡು ಉಸಿರು ಸುಧಾರಿಸಿಕೊಳ್ಳುವಾಗ ಆಫೀಸು ಕೋಣೆಯ ಬಾಗಿಲು ಅರ್ಧ ತೆರೆದಿರುವುದು ಕಂಡಿತು. ಇಣುಕಿದಳು. ಬೀರುವಿನ ಬಾಗಿಲಿನ ಅಂಚು ಸೊಟ್ಟಗಾಗಿತ್ತು. ನೆಲದ ಮೇಲೆ ಒಂದು ಕಬ್ಬಿಣದ ಸಲಾಕೆ. ಮೇಲಿನ ಅರೆ ಖಾಲಿ.

ಹಿಂದಿನ ಸಂಜೆ ಆ ಅರೆಯಲ್ಲಿ ನೂರು ಉತ್ತರ ಪತ್ರಿಕೆಗಳಿದ್ದವು. ಅದರಲ್ಲೊಂದು ಅಜ್ಜಿಯದು.

"ಹೋಯ್ತು! ನಂದೂ ಹೋಯ್ತು!" ಎಂದು ಆಕೆ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

*

ಇನ್ಸ್‌ಪೆಕ್ಟರ್ ಬಂದಾಗ ಎಂಟೂವರೆ. ಜೊತೆಗೆ ಹೆಡ್ ಕಾನ್‌ಸ್ಟೆಬಲ್. ಇಪ್ಪತ್ತು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರಮ್ಮ ಚಿನ್ನ, ಬೈಕು, ಒಮ್ಮೆ ಇಡೀ ಒಂದು ಲಿಫ್ಟು ಕಳುವಾದದ್ದನ್ನು ಕಂಡಿದ್ದಳು. ಪರೀಕ್ಷೆಯ ಪೇಪರ್ ಕಳುವಾದದ್ದು ಇದೇ ಮೊದಲು.

"ಯಾರು ಬರೆದ ಪರೀಕ್ಷೆ?"

"ಓದು ಬರಹ ಬಾರದ ದೊಡ್ಡವರು," ಎಂದಳು ಶಾಲೆಯ ಸಂಚಾಲಕಿ. "ಎರಡು ವರ್ಷದಿಂದ ಕಲೀತಿದ್ದಾರೆ. ನಿನ್ನೆ ಬರೆಯೋ ಪರೀಕ್ಷೆ ಆಯ್ತು. ಇವತ್ತು ಓದೋದು ಇತ್ತು, ಅದರ ಅಂಕ ಲೆಕ್ಕಕ್ಕಿಲ್ಲ. ಪಾಸು ಫೇಲು ಬರೆದದ್ದರ ಮೇಲೇನೇ."

ಇನ್ಸ್‌ಪೆಕ್ಟರ್‌ಗೆ ತನ್ನ ಅತ್ತೆಯ ನೆನಪಾಯಿತು. ಅತ್ತೆ ಬಸ್ಸನ್ನು ಬಣ್ಣ ನೋಡಿ ಹತ್ತುತ್ತಿದ್ದರು. ಬಸ್ಸಿನವರು ಬಣ್ಣ ಬದಲಾಯಿಸಿದ ದಿನ ಊರಾಚೆಯ ಡಿಪೋ ತಲುಪಿ ಸಂಜೆಯ ತನಕ ಅಲ್ಲೇ ಕೂತಿದ್ದರು. ಮನೆಯವರೆಲ್ಲ ನಕ್ಕಿದ್ದರು. ತಾನೂ ನಕ್ಕಿದ್ದಳು.

"ಪೇಪರ್ ಕದ್ದು ಯಾರಿಗೇನು ಲಾಭ?"

"ಲಾಭ ಗೊತ್ತಿಲ್ಲ ಮೇಡಂ. ನಷ್ಟ ಮಾತ್ರ ನಮ್ಮದೇ. ಈ ಶಾಲೆ ಸಾಲದ ಮೇಲೆ ನಡೀತಾ ಇದೆ."

"ಧರ್ಮಕ್ಕೆ ಕಲಿಸೋ ಶಾಲೆಗೆ ಸಾಲವಾ?"

"ದಾನ ಕೊಡೋರು ಒಂದು ವರ್ಷ ಕೊಡ್ತಾರೆ, ಮುಂದಿನ ವರ್ಷ ಫೋನೇ ಎತ್ತಲ್ಲ. ಎರಡು ಸಲ ಮುಚ್ಚಿ ಮತ್ತೆ ತೆರೆದೆ. ಆಮೇಲೆ ಈ ದಾರಿ ಹಿಡಿದೆ. ಕೆಲವು ಹೂಡಿಕೆದಾರರು ಎರಡು ವರ್ಷದ ಖರ್ಚನ್ನ ಸಾಲ ಕೊಟ್ಟರು. ನೂರರಲ್ಲಿ ಅರವತ್ತು ಜನ ಪಾಸಾದರೆ ಒಂದು ದೊಡ್ಡ ಟ್ರಸ್ಟು ಆ ಸಾಲ ತೀರಿಸುತ್ತೆ. ಮುಂದಕ್ಕೂ ನಮ್ಮ ಕೈ ಹಿಡಿಯುತ್ತೆ. ಐವತ್ತೊಂಬತ್ತಾದರೆ ಬಿಡಿಗಾಸೂ ಇಲ್ಲ. ಸಾಲಕ್ಕೆ ಬರೆದುಕೊಟ್ಟಿರೋ ಈ ಎರಡು ಮಹಡಿ ಅವರ ಪಾಲಾಗುತ್ತೆ."

ಪಕ್ಕದಲ್ಲಿ ನಿಂತಿದ್ದ ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡಳು. "ನಾನು ಸಾಲ ಕೊಟ್ಟವರ ಕಡೆಯವಳೂ ಅಲ್ಲ, ತಗೊಂಡವರ ಕಡೆಯವಳೂ ಅಲ್ಲ. ಅದಕ್ಕೇ ನನ್ನನ್ನ ಕರೆಸಿರೋದು. ಕಟ್ಟು ಕಟ್ಟಿ, ಅರಗಿನ ಸೀಲು ಹಾಕಿ, ನಾನೇ ಬೀರುವಿಗೆ ಬೀಗ ಹಾಕಿದೆ. ಕೀಲಿಕೈ ನನ್ನ ಪರ್ಸಲ್ಲೇ ಇದೆ."

"ಇನ್ನೊಂದು ಕೀಲಿಕೈ?"

"ಇಲ್ಲ," ಎಂದಳು ಸಂಚಾಲಕಿ. "ಬೀರು ನಮ್ಮ ಮೇಷ್ಟ್ರು ಮನೆಯಿಂದ ತಂದುಕೊಟ್ಟದ್ದು. ನನಗೆ ಕೊಟ್ಟದ್ದು ಒಂದೇ."

ಮೇಷ್ಟ್ರು ಮೂಲೆಯಲ್ಲಿ ಅಜ್ಜಿಗೆ ನೀರು ಕುಡಿಸುತ್ತಿದ್ದರು. ಅರವತ್ತೆಂಟರ ಆಸುಪಾಸು. ಉಗುರಿನ ಸಂದಿಯಲ್ಲಿ ಸೀಮೆಸುಣ್ಣ. ತಲೆ ಎತ್ತದೆ ಹೌದೆಂದು ತಲೆಯಾಡಿಸಿದರು.

*

ಸಲಾಕೆ ಯಾರದೆಂದು ಹುಡುಕಬೇಕಾಗಲಿಲ್ಲ. ಕೆಳಗೆ ಟೈರು ಅಂಗಡಿ. ಟೈರು ಬಿಚ್ಚುವ ಅಂಥದೇ ಮೂರು ಸಲಾಕೆಗಳು ಅಂಗಡಿಯ ಹೊರಗೆ ಬಿದ್ದಿದ್ದವು. ಬೀದಿ ಬಾಗಿಲಿನ ಕೀಲಿಕೈ ಕೂಡ ಅದೇ ಅಂಗಡಿಯ ಕಂಬದ ಮೊಳೆಗೆ ನೇತಾಡುತ್ತಿತ್ತು. ಮೊದಲು ಬಂದವರು ತೆಗೆಯುವ ರೂಢಿ.

ಅಂಗಡಿಯವನನ್ನು ಎಲ್ಲರೂ ಪಂಕ್ಚರ್ ಎಂದೇ ಕರೆಯುತ್ತಿದ್ದರು. ಅವನೂ ವಿದ್ಯಾರ್ಥಿ.

"ನಿನ್ನೆ ಪರೀಕ್ಷೆ ಮಧ್ಯದಲ್ಲಿ ಎದ್ದು ಹೋದೆಯಂತೆ?"

"ಬರೆದು ಮುಗೀತು, ಎದ್ದು ಬಂದೆ. ಅಂಗಡಿ ಮುಂದೆ ಲಾರಿ ನಿಂತಿತ್ತು."

"ಎರಡು ಗಂಟೆ ಪೇಪರ್ ಒಂದು ಗಂಟೇಲಿ ಮುಗೀತಾ?"

"ಮುಗೀತು ಅಂದ್ನಲ್ಲ ಮೇಡಂ."

"ಮುಗೀತೋ, ಬರೆಯೋಕೆ ಬರಲಿಲ್ಲವೋ? ಹೆಸರು ಕೆಡುತ್ತೆ ಅಂತ ಪೇಪರ್ ಮಾಯ ಮಾಡಿದೆಯೋ?"

ಪಂಕ್ಚರ್‌ನ ಮುಖ ಕೆಂಪಾಯಿತು. ಇನ್ಸ್‌ಪೆಕ್ಟರ್ ಅದನ್ನು ಕಳ್ಳತನದ ಗುರುತೆಂದು ಎಣಿಸಿದಳು. ದೂರಿನಲ್ಲಿ ಅವನ ಹೆಸರು ಬರೆಸಿ, ಮೆಟ್ಟಿಲ ಬಳಿಯ ಬೆಂಚಿನ ಮೇಲೆ ಕೂರಿಸಿದಳು. ಓದುವ ಪರೀಕ್ಷೆಗೆ ಬಂದವರೆಲ್ಲ ಅವನ ಮುಂದೆಯೇ ಹತ್ತಿ ಹೋದರು. ಹೆಡ್ಡು ಒಬ್ಬೊಬ್ಬರ ಚೀಲವನ್ನೂ ತೆರೆಸಿ ನೋಡಿದ. ಊಟದ ಡಬ್ಬಿ, ಬೆವರು ಒರೆಸುವ ಬಟ್ಟೆ, ಮೊಂಡು ಪೆನ್ಸಿಲ್ಲು. ಬೇರೇನೂ ಇಲ್ಲ.

*

ಹತ್ತು ಗಂಟೆಗೆ ಇನ್ಸ್‌ಪೆಕ್ಟರ್ ಮತ್ತೆ ಬೀರುವಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬಾಗಿಲಿನ ಅಂಚು ಮೂರು ಕಡೆ ಜಜ್ಜಿತ್ತು. ಅದಕ್ಕೆ ಎದುರಾಗಿ ಬರುವ ಚೌಕಟ್ಟಿಗೆ ಒಂದು ಗೀರೂ ಇರಲಿಲ್ಲ. ಬೀಗದ ನಾಲಿಗೆ ನೀಟಾಗಿ ಒಳಗೆ ಸರಿದಿತ್ತು.

ಆಕೆ ಬಾಗಿಲು ಮುಚ್ಚಿದಳು. ತೆರೆದಳು. ಮತ್ತೆ ಮುಚ್ಚಿದಳು.

"ಹೆಡ್ಡೂ, ಮುಚ್ಚಿದ ಬಾಗಿಲನ್ನ ಸಲಾಕೆ ಹಾಕಿ ಮೀಟಿದರೆ ಚೌಕಟ್ಟೂ ಬಗ್ಗಬೇಕಲ್ವಾ?"

"ಬಗ್ಗಬೇಕು ಮೇಡಂ."

"ಬಗ್ಗಿಲ್ಲ. ಮೊದಲು ಕೀಲಿಕೈಯಿಂದ ತೆಗೆದಿದ್ದಾರೆ. ಆಮೇಲೆ ತೆರೆದ ಬಾಗಿಲಿಗೆ ಬಡಿದಿದ್ದಾರೆ. ಕೆಳಗಿನವನ ಮೇಲೆ ಅನುಮಾನ ಬರಲಿ ಅಂತಲೋ ಏನೋ."

ಪಂಕ್ಚರ್‌ನನ್ನು ಆಗಲೇ ಬಿಡಬಹುದಿತ್ತು. ಇನ್ನೊಂದಿಷ್ಟು ಹೊತ್ತು ಇರಲಿ ಎಂದುಕೊಂಡಳು. ಆಮೇಲೆ ಎಷ್ಟೋ ದಿನ ಆಕೆಯನ್ನು ಚುಚ್ಚಿದ್ದು ಅದೇ.

ಕೀಲಿಕೈ ಎಂದರೆ ಮೊದಲು ಸಂಚಾಲಕಿಯ ಕಡೆ ಬೆರಳು ಹೋಗಬೇಕು. ಸಾಲದ ಕಾಗದಕ್ಕೆ ಸಹಿ ಹಾಕಿದವಳು ಅವಳೇ. ಆದರೆ ಅವಳ ಮೇಜಿನ ಮೇಲೆ ಮುಂದಿನ ತಂಡಕ್ಕೆ ನೂರಿಪ್ಪತ್ತು ಕುರ್ಚಿ ಬೇಕೆಂದು ಮೊನ್ನೆಯೇ ಕೊಟ್ಟ ಮುಂಗಡದ ರಸೀದಿ ಇತ್ತು. ಫೇಲಾಗುತ್ತಾರೆ ಎಂದು ಹೆದರಿದವಳು ಕುರ್ಚಿಗೆ ಮುಂಗಡ ಕೊಡುವುದಿಲ್ಲ.

"ಆ ಸಾಲದ ಒಪ್ಪಂದ ಕೊಡಿ," ಎಂದಳು ಇನ್ಸ್‌ಪೆಕ್ಟರ್.

ನಲವತ್ತು ಪುಟ. ತಾಳ್ಮೆಯಿಂದ ಓದಿದಳು. ಮೂವತ್ತೊಂದನೇ ಪುಟದಲ್ಲಿ ಬೆರಳು ನಿಂತಿತು. ಉತ್ತರ ಪತ್ರಿಕೆಗಳು ಬೆಂಕಿಗೋ ಕಳ್ಳತನಕ್ಕೋ ಸಿಕ್ಕಿ ನಾಶವಾದರೆ, ಅದೇ ನೂರು ಜನಕ್ಕೆ ಮೂರು ತಿಂಗಳಲ್ಲಿ ಮರುಪರೀಕ್ಷೆ.

"ಇದು ಯಾರಿಗೆಲ್ಲ ಗೊತ್ತು?"

"ನನಗೆ, ಪರೀಕ್ಷಕಿಯವರಿಗೆ. ಮೇಷ್ಟ್ರಿಗೂ ಓದಿ ಹೇಳಿದ್ದೆ," ಎಂದಳು ಸಂಚಾಲಕಿ.

ಇನ್ಸ್‌ಪೆಕ್ಟರ್ ಎದ್ದು ತರಗತಿಗೆ ಹೋದಳು.

*

ವಿದ್ಯಾರ್ಥಿಗಳೆಲ್ಲ ಹೊರಗಿನ ಪಡಸಾಲೆಯಲ್ಲಿ ಕಾಯುತ್ತಿದ್ದರು; ತರಗತಿಯಲ್ಲಿ ಮೇಷ್ಟ್ರು ಒಬ್ಬರೇ ಇದ್ದರು. ಆಕೆ ಎದುರು ಬೆಂಚಿನಲ್ಲಿ ಕೂತಳು. ಮೇಜಿನ ಮೇಲೆ ಹೊಸ ನೋಟ್‌ಬುಕ್ಕು. ಕೇಳದೆಯೇ ತಿರುವಿದಳು. ದುಂಡಗಿನ ಅಕ್ಷರ. 'ಮೊದಲ ವಾರ: ಒತ್ತಕ್ಷರ ಮತ್ತೊಮ್ಮೆ. ಎರಡನೇ ವಾರ: ಅರ್ಜಿ ಬರೆಯುವುದು.' ಹೀಗೆ ಹನ್ನೆರಡು ವಾರ. ಕೆಳಗೆ ನೂರು ಹೆಸರು. ಮೇಲೆ ನಿನ್ನೆಯ ತಾರೀಖು.

"ಮೇಷ್ಟ್ರೇ, ಈ ತಂಡದ್ದು ನಿನ್ನೆಗೇ ಮುಗೀತಲ್ಲ. ಇವರಿಗೇ ಇನ್ನು ಹನ್ನೆರಡು ವಾರದ ಪಾಠ ಯಾಕೆ?"

ಮೇಷ್ಟ್ರು ಕೈ ಚಾಚಿ ನೋಟ್‌ಬುಕ್ಕು ಮುಚ್ಚಿದರು.

"ಬೀರು ನಿಮ್ಮದು. ಅದಕ್ಕೆ ಎರಡನೇ ಕೀಲಿಕೈ ಇದ್ದೇ ಇರುತ್ತೆ. ಮರುಪರೀಕ್ಷೆಯ ವಿಷಯ ನಿಮಗೆ ಗೊತ್ತಿತ್ತು. ಕಳ್ಳತನ ಆಗೋ ಮುಂಚೇನೇ ನೀವು ಮೂರು ತಿಂಗಳ ಪಾಠ ಬರೆದಿಟ್ಟಿದ್ದೀರಿ." ಆಕೆಯ ದನಿ ತಾನಾಗಿಯೇ ತಗ್ಗಿತು. "ಸುಟ್ಟು ಹಾಕಿದಿರಾ?"

"ಛೆ, ಛೆ! ಮಕ್ಕಳ ಪೇಪರನ್ನ ಸುಡೋದುಂಟಾ?"

ಮೇಜಿನ ಕೆಳಗಿಂದ ಬಟ್ಟೆಯ ಚೀಲ ಎತ್ತಿದರು. ಊಟದ ಡಬ್ಬಿಯ ಅಡಿಯಿಂದ ಕಟ್ಟು ತೆಗೆದು ಇಟ್ಟರು. ಇಷ್ಟು ಹೊತ್ತೂ ಅದು ಆಕೆಯ ಬೂಟಿಗೆ ತಾಗುವಷ್ಟು ಹತ್ತಿರವಿತ್ತು. ಅರಗಿನ ಸೀಲು ಹಾಗೇ ಇತ್ತು.

ಬಾಗಿಲಲ್ಲಿ ನಿಂತ ಹೆಡ್ಡು ತಲೆ ತಗ್ಗಿಸಿದ. "ಎಲ್ಲರ ಚೀಲ ನೋಡಿದೆ ಮೇಡಂ. ಮೇಷ್ಟ್ರ ಚೀಲ ನೋಡೋದು ಹೇಗೆ ಅಂತ..."

"ಬೆಳಗ್ಗೆ ಆರಕ್ಕೆ ಬಂದೆ," ಎಂದರು ಮೇಷ್ಟ್ರು. "ಸಲಾಕೆ ಕೈಗೆ ಸಿಕ್ಕಿತು, ತಗೊಂಡೆ. ಪಂಕ್ಚರ್ ಮೇಲೆ ಬರುತ್ತೆ ಅಂತ ಹೊಳೀಲೇ ಇಲ್ಲ. ಹೊಳೆದ ಮೇಲೂ ಬಾಯಿ ಬಿಡಲಿಲ್ಲ. ಅದೇ ದೊಡ್ಡ ತಪ್ಪು."

"ಯಾಕೆ ಮಾಡಿದಿರಿ?"

"ನಿನ್ನೆ ಕಿಟಕಿಯಿಂದ ನೋಡ್ತಾ ನಿಂತಿದ್ದೆ. ಒಂದು ಗಂಟೆ ಕಳೆಯೋ ಹೊತ್ತಿಗೆ ಪೆನ್ನುಗಳು ಒಂದೊಂದಾಗಿ ನಿಂತವು. ಎಣಿಸಿದೆ. ಐವತ್ತರ ಮೇಲೆ. ಎಲ್ಲ ಕೈಕಟ್ಟಿ ಕೂತುಬಿಟ್ಟರು. ಇನ್ನು ಮೂರು ತಿಂಗಳು ಸಿಕ್ಕಿದ್ರೆ ದಡ ಸೇರಿಸ್ತೀನಿ ಅನ್ನಿಸಿತು."

"ಕಟ್ಟು ಕೈಗೆ ಬಂದ ಮೇಲೆ ಬಿಚ್ಚಿ ನೋಡಬಹುದಿತ್ತಲ್ಲ?"

"ಸೀಲು ಒಡೆದರೆ ಮೋಸ ಆಗುತ್ತಲ್ಲಮ್ಮ," ಎಂದರು ಮೇಷ್ಟ್ರು.

ಇನ್ಸ್‌ಪೆಕ್ಟರ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

*

"ಸೀಲು ನನ್ನದೇ. ಹಾಳೆ ನೂರೂ ಇದೆ," ಎಂದಳು ಪರೀಕ್ಷಕಿ. "ಲೆಕ್ಕಕ್ಕೆ ಬರುತ್ತೋ ಇಲ್ಲವೋ ಆಮೇಲಿನ ಮಾತು. ಈಗ ತಿದ್ದುತ್ತೀನಿ."

ಕೆಂಪು ಪೆನ್ನು ನಾಲ್ಕು ಗಂಟೆಯ ತನಕ ಓಡಿತು. ಯಾರೂ ಮನೆಗೆ ಹೋಗಲಿಲ್ಲ. ಕೊನೆಯ ಹಾಳೆ ಮಗುಚಿಟ್ಟು ಪರೀಕ್ಷಕಿ ಕನ್ನಡಕ ತೆಗೆದಳು.

"ಎಪ್ಪತ್ತೊಂದು."

ಆಕೆ ಮೇಷ್ಟ್ರ ಕಡೆ ತಿರುಗಿದಳು.

"ಪೆನ್ನು ನಿಂತದ್ದು ಬರೆದು ಮುಗಿದಿದ್ದಕ್ಕೆ ಮೇಷ್ಟ್ರೇ. ನೀವು ಕಿಟಕೀಲಿ ನಿಂತಿದ್ದಿರಿ. ನಿಮ್ಮ ಮುಂದೆ ಮೊದಲು ಏಳೋಕೆ ಸಂಕೋಚ ಪಟ್ಟು ಕೂತಿದ್ದರು. ಎದ್ದವನು ಒಬ್ಬನೇ." ಬಾಗಿಲಾಚೆ, ಮೆಟ್ಟಿಲ ಬಳಿಯ ಬೆಂಚಿನ ಕಡೆ ನೋಡಿದಳು. "ಟೈರು ಅಂಗಡಿಯವನದು ನೂರಕ್ಕೆ ಎಂಬತ್ತೆರಡು."

ಮೇಷ್ಟ್ರು ಪಂಕ್ಚರ್‌ನ ಕಡೆ ತಿರುಗಿದರು.

ಸಂಚಾಲಕಿ ಮಾತ್ರ ಒಮ್ಮೆಲೇ ಚುರುಕಾದಳು. "ಪಾಸಾಯ್ತಲ್ಲ! ಶಾಲೆ ಉಳೀತು!"

"ಇಲ್ಲ," ಎಂದಳು ಪರೀಕ್ಷಕಿ. "ಮೂವತ್ತೆರಡನೇ ಪುಟ ನೋಡಿ. ಸಂಸ್ಥೆಯವರೇ ಪೇಪರಿಗೆ ಕೈ ಹಾಕಿದರೆ ಪರೀಕ್ಷೆಯೇ ರದ್ದು, ಮರುಪರೀಕ್ಷೆಯೂ ಇಲ್ಲ. ಯಾರು ಅಂತ ಹೇಳದೆ ಫೋನ್ ಮಾಡಿ ನಾನೇ ಬೇಡಿಕೊಂಡೆ. ಪೊಲೀಸ್ ದೂರಿನಲ್ಲಿ ಸಂಸ್ಥೆಯವರ ಹೆಸರಿದ್ದರೆ ಆಗಲ್ಲ ಅಂದರು ಟ್ರಸ್ಟಿನವರು."

ಸಂಚಾಲಕಿ ಇನ್ಸ್‌ಪೆಕ್ಟರ್ ಕಡೆ ತಿರುಗಿ ಕೈ ಮುಗಿದಳು. "ಮೇಡಂ, ಕಟ್ಟು ಸಿಕ್ಕಿತು ಅಂತಷ್ಟೇ ಬರೀರಿ. ಯಾರು ತಗೊಂಡರು ಅನ್ನೋದು ಯಾಕೆ?"

ಇನ್ಸ್‌ಪೆಕ್ಟರ್ ಪರೀಕ್ಷಕಿಯ ಮುಖ ನೋಡಿದಳು. ಪರೀಕ್ಷಕಿ ಕಿಟಕಿಯ ಹೊರಗೆ ನೋಡತೊಡಗಿದಳು.

ಬರೆಯಬಹುದಿತ್ತು. ಆದರೆ ದೂರಿನಲ್ಲಿ ಒಂದು ಹೆಸರು ಆಗಲೇ ಇತ್ತು, ಬರೆಸಿದವಳು ತಾನೇ. "ಮೇಷ್ಟ್ರನ್ನ ಬಿಟ್ಟರೆ ಪಂಕ್ಚರ್ ಉಳೀತಾನಮ್ಮ. ಅವನ ಮೇಲೆ ಕೇಸು ನಿಲ್ಲುತ್ತೆ."

"ನಂದೇ ಇರಲಿ ಬಿಡಿ," ಎಂದ ಪಂಕ್ಚರ್ ಎದ್ದು ನಿಂತು. "ಬೆಳಗ್ಗೆಯಿಂದ ಊರೆಲ್ಲ ನೋಡಿ ಆಗಿದೆ. ಶಾಲೆ ಉಳೀಲಿ."

"ಬೇಡಪ್ಪ." ಮೇಷ್ಟ್ರು ಮುಂದೆ ಬಂದರು. "ನೀನು ಇವತ್ತು ಕೂತದ್ದೇ ಸಾಕು. ಬರೀರಮ್ಮ. ನನ್ನ ಹೆಸರು ಬರೀರಿ."

ಅವನ ಭುಜದ ಮೇಲೆ ಕೈಯಿಡಲು ಹೋದರು. ಇಡಲಾಗದೆ ಕೈ ಹಿಂದಕ್ಕೆ ತೆಗೆದುಕೊಂಡರು.

*

ಹೇಳಿಕೆಗಳಿಗೆ ಸಹಿ ಹಾಕಿಸುವುದು ಬಾಕಿಯಿತ್ತು. ಕಳವು ಮೊದಲು ಕಂಡವಳು ಅಜ್ಜಿ. ಹೆಡ್ಡು ಆಕೆಯ ಹೇಳಿಕೆಯನ್ನು ಮುಂದೆ ಸರಿಸಿ, ಅಭ್ಯಾಸಬಲದಿಂದ ಇಂಕಿನ ಡಬ್ಬಿಯ ಮುಚ್ಚಳ ತೆರೆದ. "ಹೆಬ್ಬೆಟ್ಟು ಒತ್ತಜ್ಜಿ."

ಅಜ್ಜಿ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದಳು. ಕಾಗದ ಎತ್ತಿಕೊಂಡು ಬೆಳಕಿಗೆ ಹಿಡಿದಳು. ತುಟಿ ಅಲುಗುತ್ತಿತ್ತು. ಬೆರಳು ಒಂದೊಂದು ಪದದ ಕೆಳಗೂ ನಿಂತು ಮುಂದೆ ಸರಿಯುತ್ತಿತ್ತು. ಒಂದು ಪುಟಕ್ಕೆ ಕಾಲು ಗಂಟೆ ಹಿಡಿಯಿತು. ಇನ್ಸ್‌ಪೆಕ್ಟರ್ ಅವಸರ ಮಾಡಲಿಲ್ಲ. ಜೀಪಿಗೆ ಹೊರಟು ನಿಂತಿದ್ದ ಮೇಷ್ಟ್ರೂ ಅಲುಗಲಿಲ್ಲ.

ಕೊನೆಯ ಸಾಲಿನಲ್ಲಿ ಬೆರಳು ತಡೆಯಿತು.

"ಇಲ್ಲಿ 'ಕಳ್ಳ' ಅಂತ ಬರೆದಿದ್ದೀಯಪ್ಪ. ನಾನು ಹಾಗಂದಿಲ್ಲ."

"ಅದು ನಾವು ಬರೆಯೋ ರೀತಿ ಅಜ್ಜಿ."

"ಹೊಡೆದು ಹಾಕು. 'ಮೇಷ್ಟ್ರು' ಅಂತ ಬರಿ."

ಹೆಡ್ಡು ಇನ್ಸ್‌ಪೆಕ್ಟರ್ ಮುಖ ನೋಡಿದ. ಆಕೆ ತಲೆಯಾಡಿಸಿದಳು. ಅವನು ಪದ ಹೊಡೆದು, ಮೇಲೆ ಬೇರೆ ಬರೆದ. ಅಜ್ಜಿ ಅದನ್ನೂ ಓದಿ ಖಚಿತ ಮಾಡಿಕೊಂಡಳು. ಆಮೇಲೆ ಪೆನ್ನು ಇಸಿದುಕೊಂಡು, ಒತ್ತಿ ಒತ್ತಿ, ತನ್ನ ಪೂರ್ತಿ ಹೆಸರು ಬರೆದಳು.

ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.