ಬನಿಯ ತಕ್ಕಡಿ

ಅಂಗನವಾಡಿಯ ಚಾವಣಿಯ ನಡುವೆ ಬೋರಲು ಹಾಕಿದ ಮಣ್ಣಿನ ಬಟ್ಟಲಿನಂಥ ‘ಸಾಕ್ಷಿ’, ನಾಲ್ಕು ವರ್ಷದ ಹುಡುಗನೊಬ್ಬನ ಬೆರಳುಗಳನ್ನು ನೋಡುತ್ತಿತ್ತು. ಹುಡುಗ ಕಟ್ಟಿಗೆಯ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಗೋಪುರ ವಾಲಿತು, ಬಿತ್ತು. ಅವನು ಅಳಲಿಲ್ಲ. ಗಲ್ಲಕ್ಕೆ ಕೈ ಹಚ್ಚಿ ಯೋಚಿಸಿದ, ದೊಡ್ಡ ತುಂಡನ್ನು ತಳಕ್ಕಿಟ್ಟ, ಮತ್ತೆ ಕಟ್ಟಿದ. ಈ ಸಲ ಗೋಪುರ ನಿಂತಿತು. ಮೂಲೆಯಲ್ಲಿ ಕುಳಿತಿದ್ದ ಡಾ. ಶ್ರಾವಣಿ ಕುಲಗೋಡಳ ಕೈಯಲ್ಲಿದ್ದ ಪರದೆಯ ಮೇಲೆ ಅವನ ಹೆಸರಿನ ಹಸಿರು ಎಳೆ ಸರ್ರನೆ ಮೇಲೇರಿತು. ಸಾಕ್ಷಿಯನ್ನು ಕಂಡುಹಿಡಿದವಳು ಅವಳೇ. ಅದು ಕೆಲಸ ಮಾಡುವುದನ್ನು ಇಷ್ಟು ಹತ್ತಿರದಿಂದ ನೋಡಿ ಬಹಳ ವರ್ಷಗಳಾಗಿದ್ದವು.

ಸಾಕ್ಷಿ ಮಕ್ಕಳನ್ನು ಏನೂ ಕೇಳುವುದಿಲ್ಲ. ಪ್ರಶ್ನೆಯಿಲ್ಲ, ಪರೀಕ್ಷೆಯಿಲ್ಲ, ಅಂಕವಿಲ್ಲ. ಮಗುವಿನ ಕಣ್ಣು ಯಾವುದರ ಮೇಲೆ ಎಷ್ಟು ಹೊತ್ತು ನಿಂತಿತು, ಬೆರಳು ಎಲ್ಲಿ ಅನುಮಾನಿಸಿತು, ಸೋತ ಮೇಲೆ ಮತ್ತೆ ಕೈ ಹಾಕಿತೋ ಇಲ್ಲವೋ, ಯಾರನ್ನು ಜೊತೆಗೆ ಕರೆಯಿತು ಎಂಬುದನ್ನೆಲ್ಲ ದಿನದಿನದ ಆಟದಿಂದಲೇ ಹೆಕ್ಕಿ, ಕಲಿಕೆಯ ಒಂದು ಎಳೆಯಾಗಿ ನೇಯುತ್ತದೆ. ಮನೆಯವರಿಗೆ ಅಂದಿನ ಕಲಿಕೆಯನ್ನು ಅಂದೇ ಎರಡು ಸಾಲಿನಲ್ಲಿ ಹೇಳಿ ಕಳಿಸುತ್ತದೆ.

ಇಂಥದೊಂದು ಯಂತ್ರದ ಬೀಜ ಶ್ರಾವಣಿಯ ಮನಸ್ಸಿಗೆ ಬಿದ್ದದ್ದು ಧಾರವಾಡದ ಶಾಲೆಯೊಂದರ ಬಾಗಿಲಲ್ಲಿ. ಆಗವಳಿಗೆ ಮೂರೂವರೆ ವರ್ಷ. ಮೇಜಿನ ಹಿಂದಿದ್ದ ಹೆಂಗಸು ಕೆಂಪು ಚೆಂಡನ್ನೆತ್ತಿ, “ಇದು ಯಾವ ಬಣ್ಣ?” ಎಂದು ಕೇಳಿದ್ದಳು. ಶ್ರಾವಣಿಗೆ ಗೊತ್ತಿತ್ತು, ಅವಳ ರಿಬ್ಬನ್ನೂ ಅದೇ ಬಣ್ಣದ್ದು. ಆದರೆ ಬಾಯಿ ಒಣಗಿತು, ಫ್ರಾಕು ಒದ್ದೆಯಾಯಿತು. “ಹುಡುಗಿ ಸ್ವಲ್ಪ ಮಂದ” ಎಂದು ಅಪ್ಪನಿಗೆ ಹೇಳಿ ಕಳಿಸಿದರು. ಡಾಕ್ಟರೇಟು ಬಂದ ಮೇಲೂ ಆ ಮಾತು ಅವಳ ಬೆನ್ನು ಬಿಡಲಿಲ್ಲ. ಯಾವ ಮಗುವನ್ನೂ ಹಾಗೆ ನಿಲ್ಲಿಸಿ ಕೇಳಬಾರದೆಂದೇ ಸಾಕ್ಷಿ ಹುಟ್ಟಿತು.

ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮಗುವಿಗೆ ಐದು ತುಂಬಿದ ದಿನ ಎಳೆಯನ್ನು ಮುಚ್ಚಬೇಕು, ಅದರ ಎತ್ತರ ನೋಡಿ ಮುಂದಿನ ಶಾಲೆ ಗೊತ್ತುಮಾಡಬೇಕು ಎಂದು ಇಲಾಖೆ ನಿಯಮ ಮಾಡಿತು. ಎಳೆ ಏರಿದವರಿಗೆ ಒಳ್ಳೆಯ ಶಾಲೆ, ಸಾಕಷ್ಟು ಏರದವರಿಗೆ ತಾಲ್ಲೂಕಿನಾಚೆಯ ‘ನಿಧಾನ ಶಾಲೆ’. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ಯಾರೂ ಕಂಡಿಲ್ಲ.

ಪಕ್ಕದಲ್ಲಿ ಇನ್ನೊಂದು ಮಗು ಕಟ್ಟಿಗೆಯ ತುಂಡುಗಳಿಗೆ ಕೈ ಹಾಕಿತು. ಪೇರಿಸಿತು, ಗೋಪುರ ಬಿತ್ತು. ಗಲ್ಲಕ್ಕೆ ಕೈ ಹಚ್ಚಿತು, ದೊಡ್ಡ ತುಂಡನ್ನು ತಳಕ್ಕಿಟ್ಟಿತು. ಎಳೆ ಸರ್ರನೆ ಏರಿತು. ಮೂರನೆಯ ಮಗು ಗಲ್ಲಕ್ಕೆ ಕೈ ಹಚ್ಚುವ ಮುಂಚೆ ಒಮ್ಮೆ ಚಾವಣಿಯತ್ತ ನೋಡಿತು. ಶ್ರಾವಣಿ ಪರದೆಯಿಂದ ಕಣ್ಣೆತ್ತಿದಳು.

“ಎಲ್ಲಾರೂ ಹಿಂಗ ಯಾಕ್ ಮಾಡಾಕತ್ತಾರ, ಅಕ್ಕೋರ?” ಎಂದಳು.

ಟೀಚರ್ ಸುವರ್ಣಾ ಹೆಮ್ಮೆಯಿಂದ ನಕ್ಕಳು. “ಆಟದ ಟ್ಯೂಷನ್ನಿಗೆ ಹೋಗ್ತಾರ್ರಿ ಮೇಡಮ್ಮಾರ. ಒಮ್ಮಿ ಬೀಳಿಸಿ ಕಟ್ಟಿದ್ರ ಸಾಕ್ಷಿಗೆ ಭಾಳ ಸೇರತೈತಂತ. ಒಂದ ಸಲಕ್ಕ ಸರಿ ಕಟ್ಟಿದ್ರ ಏನೂ ಸಿಗಂಗಿಲ್ಲಂತ. ಅದಕ್ಕ ಹೆಂಗ ಬೀಳಿಸೂದು ಅಂತ ಮೊದಲ ಕಲಿಸಿಕೊಡ್ತಾರ.”

ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಅಂದ ಹಾಗಾಯಿತು. ಸೋಲುವುದನ್ನೂ ಉರು ಹೊಡೆಸುವ ಜನ ಹುಟ್ಟಿಕೊಂಡಾರೆಂದು ಶ್ರಾವಣಿ ಲೆಕ್ಕ ಹಾಕಿರಲಿಲ್ಲ.

ಆದರೆ ಬಾಗಲಕೋಟೆ ಕಡೆಯ ಈ ಸಣ್ಣ ಊರಿಗೆ ಅವಳು ಬಂದದ್ದು ಬೇರೊಂದು ಮಗುವಿಗಾಗಿ. ಬನಶ್ರೀ, ಮನೆಯಲ್ಲಿ ಬನಿ. ಎರಡು ವರ್ಷದಿಂದ ಅವಳ ಎಳೆ ನೆಲ ಬಿಟ್ಟು ಮೇಲೆದ್ದಿರಲಿಲ್ಲ. ಸಾವಿರಾರು ಅಂಗನವಾಡಿಗಳಲ್ಲಿ ಹೀಗೆ ಚಪ್ಪಟೆ ಬಿದ್ದ ಎಳೆ ಇದೊಂದೇ. ಸಾಕ್ಷಿಯೇ ಕೆಟ್ಟಿರಬೇಕೆಂದು ನೋಡಲು ಬಂದಿದ್ದಳು. ಸಾಕ್ಷಿ ಕೆಟ್ಟಿರಲಿಲ್ಲ. ಬನಿ ಗೋಡೆಗೊರಗಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ದೊಡ್ಡವರು ಬಸ್ಸಿಗೆ ಕಾದಂತೆ ಕುಳಿತಿದ್ದಳು. ಬರುವ ಶುಕ್ರವಾರ ಅವಳಿಗೆ ಐದು ತುಂಬುತ್ತಿತ್ತು.

ಮಧ್ಯಾಹ್ನ ಕೈ ತೊಳೆಯಲು ಹಿತ್ತಲಿಗೆ ಹೋದ ಬನಿ ತಿರುಗಿ ಬರಲಿಲ್ಲ. ಬಚ್ಚಲು, ಹಿತ್ತಲುಗಳಲ್ಲಿ ಸಾಕ್ಷಿ ಇಡಕೂಡದೆಂದು ಕಾನೂನಿದೆ. ಶ್ರಾವಣಿ ಕಿಟಕಿಯಿಂದ ಇಣುಕಿದಳು. ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತ ಬನಿ ಒಂದು ಕೋಲಿನ ಎರಡು ತುದಿಗೆ ಎರಡು ಕರಟ ಕಟ್ಟಿ, ನಡುವೆ ದಾರ ಹಾಕಿ ಎತ್ತಿ ಹಿಡಿದಿದ್ದಳು. ಒಂದು ಕರಟಕ್ಕೆ ಒಣ ಮಣ್ಣು, ಇನ್ನೊಂದಕ್ಕೆ ಅಷ್ಟೇ ಹಸಿ ಮಣ್ಣು. ಹಸಿ ಮಣ್ಣು ಕೆಳಗೆ ಜಗ್ಗಿತು. ಬನಿ ಹುಬ್ಬು ಗಂಟಿಕ್ಕಿದಳು. ಹಸಿ ಮಣ್ಣಿಂದ ಒಂದು ಚಿಟಿಕೆ ತೆಗೆದಳು, ಒಣ ಮಣ್ಣಿಗೆ ಎರಡು ಹುಣಸೆ ಬೀಜ ಹಾಕಿದಳು, ಕೋಲು ಸಮ ಬಂತು. “ಹಾಂ! ನೀರ ಕುಂತೈತಿ ಅದರಾಗ!” ಎಂದು ತನಗೇ ಹೇಳಿಕೊಂಡು ಕಿಸಕ್ಕನೆ ನಕ್ಕಳು.

ಇಂಥ ಒಂದು ಕ್ಷಣಕ್ಕಾಗಿ ಜೀವಮಾನ ತೇಯ್ದಿದ್ದ ಶ್ರಾವಣಿಗೆ ತಡೆದುಕೊಳ್ಳಲಾಗಲಿಲ್ಲ. ಹಿತ್ತಲಿಗೆ ಓಡಿದಳು. ಬನಿ ಅವಳನ್ನು ಕಂಡದ್ದೇ ತಕ್ಕಡಿಯನ್ನು ಕೈಬಿಟ್ಟು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಳು.

“ಯಾಕ ನಿಲ್ಲಿಸಿದಿ, ಪುಟ್ಟಿ?”

“ನೋಡಿದ್ರ ನದರ ಆಗತೈತ್ರಿ. ಆಯಿ ಹೇಳ್ಯಾಳ.”

ಆಯಿ ಎಂದರೆ ಅಜ್ಜಿ, ಹೆಸರು ಮಹಾದೇವಿ. ಸಂಜೆ ಶ್ರಾವಣಿ ಅವರ ಮನೆಗೆ ಹೋದಾಗ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಶ್ರಾವಣಿಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವಳಿರಬೇಕು, ಅಷ್ಟೇ. ಈ ಕಾಲದಲ್ಲೂ ದೃಷ್ಟಿ, ನದರು ಎಂದು ಮಗುವಿನ ಭವಿಷ್ಯ ಹಾಳು ಮಾಡುತ್ತಿದ್ದಾಳಲ್ಲ ಎಂಬ ಸಿಟ್ಟಿನಿಂದಲೇ ಶ್ರಾವಣಿ ಮಾತು ತೆಗೆದಳು.

“ನದರ ಗಿದರ ನಾನೂ ನಂಬಂಗಿಲ್ಲರಿ,” ಎಂದಳು ಮಹಾದೇವಿ. “ಕೂಸಿಗೆ ತಿಳಿಯೂ ಹಂಗ ಹೇಳಬೇಕಲ್ಲ, ಅದಕ್ಕ ಹಂಗಂದೆ. ಒಳಗ ನೋಡ್ರಿ.”

ಒಳಮನೆಯಲ್ಲಿ ಮೂವತ್ತೈದರ ಗಂಡಸೊಬ್ಬ ಗೋಡೆ ನೋಡುತ್ತ ಕುಳಿತಿದ್ದ. ಬನಿಯ ಅಪ್ಪ, ಮಹಾದೇವಿಯ ಮಗ.

“ನಾಕು ವರ್ಷದಾವ ಇದ್ದಾಗ ಇವನ ಡ್ಯಾನ್ಸ್ ಫೋನಿನಾಗ ಹಿಡದು ನೆಟ್ಟಿನಾಗ ಬಿಟ್ಟೆ. ಊರ ಜನಾ, ದೇಶದ ಜನಾ ನೋಡಿದ್ರು. ದಿನಾ ಒಂದ್ ಹಿಡದೆ. ಆಮ್ಯಾಲ ಫೋನ್ ಎತ್ತಿದ್ರ ಅಷ್ಟ ನಗಾಂವ, ಇಳಿಸಿದ್ರ ಮಖಾ ಬಾಡಿಬಿಡ್ತಿತ್ತು. ಈಗೂ ಯಾರಾರ ಭೇಷ್ ಅಂದ್ರ ದುಡೀತಾನ, ಅನ್ನಲಿಲ್ಲಂದ್ರ ಬಿಟ್ಟು ಬರ್ತಾನ. ಸೊಸಿ ದುಡದು ಹಾಕ್ತಾಳ.”

ಹಳೆಯ ಫೋನೊಂದನ್ನು ತಂದು ತೋರಿಸಿದಳು. ಮೂಲೆಯಲ್ಲಿ ೨೦೨೫ರ ತಾರೀಖಿತ್ತು. ಕೆಂಪು ಟೋಪಿಯ ಹುಡುಗ ಕುಣಿಯುತ್ತ ಮುಗ್ಗರಿಸಿದ. ಹಿಂದಿನಿಂದ ಮಹಾದೇವಿಯದೇ ಎಳೆ ವಯಸ್ಸಿನ ದನಿ ಹೇಳುತ್ತಿತ್ತು: “ಇನ್ನೊಮ್ಮಿ ಮಾಡ ನನ್ನ ರಾಜಾ, ಸರಿಯಾಗಿ ಕಾಣಲಿಲ್ಲ.” ಹುಡುಗ ಕಣ್ಣೊರೆಸಿಕೊಂಡು ಮೊದಲಿನದೇ ನಗೆ ನಕ್ಕ. ಆ ನಗೆ ಶ್ರಾವಣಿಗೆ ಗುರುತು ಸಿಕ್ಕಿತು. ಕಾಲೇಜಿನ ಹಾಸ್ಟೆಲಿನಲ್ಲಿ ಅದನ್ನು ನೋಡಿ ಬಿದ್ದು ಬಿದ್ದು ನಕ್ಕು, ಗೆಳತಿಯರಿಗೆಲ್ಲ ಕಳಿಸಿದ್ದಳು.

ಫೋನನ್ನು ತಿರುಗಿ ಕೊಟ್ಟಳು. ಆಮೇಲೆ ಶ್ರಾವಣಿ ಶುಕ್ರವಾರದ ಮಾತನ್ನೂ ನಿಧಾನ ಶಾಲೆಯ ಮಾತನ್ನೂ ಹೇಳಿದಳು.

“ನೀವ ಮಾಡಿದ ಯಂತ್ರ ಅಂತೀರಿ. ಈಕಿ ಶಾಣ್ಯಾ ಅದಾಳ ಅಂತ ನೀವ ಒಂದ ಮಾತ ಬರದ್ರ ಆಗಂಗಿಲ್ಲೇನು?”

ಆಗುವುದಿಲ್ಲ. ಶಿಫಾರಸು, ವಶೀಲಿಗಳಿಗೆ ದಾರಿ ಇರಬಾರದೆಂದು, ಸಾಕ್ಷಿ ಕಂಡದ್ದನ್ನು ಬಿಟ್ಟು ಬೇರೆ ಯಾರ ಮಾತೂ ಎಳೆಗೆ ಸೇರದಂತೆ ಬೀಗ ಹಾಕಿದವಳು ಶ್ರಾವಣಿಯೇ. ಆಗ ಅದನ್ನು ಎಲ್ಲರೂ ಹೊಗಳಿದ್ದರು.

“ಒಂದ ದಿನ ಸಾಕ್ರಿ,” ಎಂದಳು ಶ್ರಾವಣಿ, ಬೇಡುವವಳಂತೆ. “ಆ ತಕ್ಕಡಿ ಆಟಾನ ಸಾಕ್ಷಿ ಕೆಳಗ ಒಮ್ಮಿ ಆಡಿದ್ರ ಸಾಕು, ಎಳಿ ಏರಿಬಿಡತೈತಿ. ಆ ಕಣ್ಣಿಂದ ಏನೂ ಆಗಂಗಿಲ್ಲ ಅಂತ ನೀವ ಹೇಳ್ರಿ, ನೀವ ಹೇಳಿದ್ರ ಕೇಳತಾಳ.”

ಮಹಾದೇವಿ ಸುಲಿದ ಶೇಂಗಾವನ್ನೂ ಸಿಪ್ಪೆಯನ್ನೂ ಒಂದೇ ಬುಟ್ಟಿಗೆ ಸುರಿದಳು. “ಹೇಳ್ತೇನಿ ಬಿಡ್ರಿ,” ಎಂದಳು. “ನಿಧಾನ ಶಾಲಿಗೆ ಹ್ಯಾಂಗ ಕಳಿಸೂದು?”

ಗುರುವಾರ ಅಜ್ಜಿಯೇ ಕೈ ಹಿಡಿದು ಕರೆದುಕೊಂಡು ಬಂದಳು. ಕರಟ, ಕೋಲು, ಮಣ್ಣು ಎಲ್ಲವೂ ಹಿತ್ತಲಿನಿಂದ ಒಳಗೆ ಬಂದವು. ಬನಿ ಚಾವಣಿಯನ್ನು ನೋಡಿದಳು, ಬಾಗಿಲಲ್ಲಿ ನಿಂತ ಆಯಿಯನ್ನು ನೋಡಿದಳು. ಆಯಿ ತಲೆಯಾಡಿಸಿದಳು. ಬಹಳ ಹೊತ್ತಿನ ಮೇಲೆ ಸಣ್ಣ ಕೈಗಳು ತೊಡೆಯಿಂದ ಎದ್ದವು. ಒಂದು ಕರಟಕ್ಕೆ ಒಣ ಮಣ್ಣು, ಇನ್ನೊಂದಕ್ಕೆ ಹಸಿ ಮಣ್ಣು. ಕೋಲು ಎತ್ತುತ್ತಿದ್ದಂತೆ ಹಸಿ ಮಣ್ಣು ಕೆಳಗೆ ಜಗ್ಗಿತು. ಸರಿಯಾಗಿ ಅದೇ ಹೊತ್ತಿಗೆ ಸುವರ್ಣಾ ಮೊಟ್ಟೆಯ ತಟ್ಟೆ ಹಿಡಿದು ಸಾಕ್ಷಿಗೂ ಬನಿಗೂ ನಡುವೆ ಹಾದುಹೋದಳು. ಪರದೆಯ ಮೇಲೆ ಎಳೆ ಅಲುಗಲಿಲ್ಲ.

ಶ್ರಾವಣಿ ಬನಿಯ ಹತ್ತಿರ ಬಂದು ಕುಕ್ಕರಿಸಿದಳು. ನಾಳೆ ಶುಕ್ರವಾರ.

“ಇನ್ನೊಮ್ಮಿ ಮಾಡ, ಪುಟ್ಟಿ,” ಎಂದಳು. “ಸರಿಯಾಗಿ ಕಾಣಲಿಲ್ಲ.”

ಆಡಿದ ಮೇಲೆಯೇ ಆ ಮಾತು ಅವಳ ಕಿವಿಗೆ ಬಿದ್ದದ್ದು. ಬಾಗಿಲತ್ತ ತಿರುಗಿದಳು. ಮಹಾದೇವಿ ಅವಳನ್ನೇ ನೋಡುತ್ತಿದ್ದಳು. ಸೆರಗು ಸರಿಮಾಡಿಕೊಂಡು ಹೊರಗೆ ನಡೆದಳು.

ಬನಿ ಕರಟಗಳನ್ನು ಚೆಲ್ಲಿ ಮತ್ತೆ ತುಂಬಿದಳು. ಕೋಲು ಎತ್ತಿದಳು. ಹಸಿ ಮಣ್ಣು ಕೆಳಗೆ ಜಗ್ಗಿತು. ಈ ಸಲ ಅವಳು ತಕ್ಕಡಿಯನ್ನು ನೋಡಲಿಲ್ಲ. ಮುಖವನ್ನು ಮೇಲೆತ್ತಿ, ಕಣ್ಣರಳಿಸಿ, “ಹಾಂ! ನೀರ ಕುಂತೈತಿ ಅದರಾಗ!” ಎಂದು ನಕ್ಕಳು. ಹಸಿರು ಎಳೆ ಇಡೀ ಪರದೆ ದಾಟಿ ಮೇಲೇರಿತು. ಸುವರ್ಣಾ ಚಪ್ಪಾಳೆ ತಟ್ಟಿದಳು, ಮಕ್ಕಳೆಲ್ಲ ತಟ್ಟಿದರು. ಮಹಾದೇವಿಯ ಫೋನಿಗೆ ಸಾಕ್ಷಿಯ ಎರಡು ಸಾಲು ಆಗಲೇ ಹೊರಟಿದ್ದವು: ‘ಇಂದು ನಿಮ್ಮ ಮೊಮ್ಮಗಳು ತೂಕದ ಮರ್ಮವನ್ನು ತಾನಾಗಿಯೇ ಕಂಡುಕೊಂಡಳು. ಅವಳ ಮುಖದಲ್ಲಿ ಸಹಜವಾದ ಬೆರಗಿತ್ತು.’

ಶ್ರಾವಣಿ ಪರದೆಯನ್ನು ಆರಿಸಿದಳು. ಆಟ ಮುಗಿಯಿತು, ಇನ್ನು ಹೋಗಿ ಮೊಟ್ಟೆ ತಿನ್ನು ಎಂದು ಹೇಳಬೇಕೆಂದು ಬನಿಯತ್ತ ಬಗ್ಗಿದಳು.

ಚಪ್ಪಾಳೆ ನಿಂತಿತ್ತು. ಬನಿಯ ಮುಖ ಬಾಡಿತ್ತು. ಅವಳು ಕರಟಗಳನ್ನು ಚೆಲ್ಲಿ, ಮತ್ತೆ ಮಣ್ಣು ತುಂಬಿಕೊಳ್ಳುತ್ತ, ಚಾವಣಿಯನ್ನು ಕೇಳಿದಳು:

“ಇನ್ನೊಮ್ಮಿ ಮಾಡ್ಲೇನು?”