ಸುಮ್ಮನಿದ್ದ ಬಳೆ

ಬಳೆ ಮೊದಲು ಬೆಚ್ಚಗಾಯಿತು. ಆಮೇಲೆ ಮಣಿಕಟ್ಟನ್ನು ಮೆಲ್ಲಗೆ ಒತ್ತಿ ಹಿಡಿಯಿತು. ರಂಜಿತಾಳ ಹೆಬ್ಬೆರಳು ಫೋನಿನ ಮೇಲೆ ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲೇ ಅಲ್ಲಿ ತಿರುಗುತ್ತಿದ್ದ ಇಸ್ಪೀಟಿನ ಎಲೆಗಳು ಮಾಯವಾಗಿ ಬೂದು ಬಣ್ಣದ ಪರದೆಯೊಂದು ಬಂತು. ಅವಳು ಒಂದು ಕ್ಷಣ ಅದನ್ನೇ ನೋಡಿದಳು. ನಂತರ ಫೋನನ್ನು ಮಗುಚಿಟ್ಟು, ತೊಡೆಯ ಮೇಲಿದ್ದ ರೇಷ್ಮೆ ಸೀರೆಯ ಸೆರಗನ್ನು ಎಳೆದುಕೊಂಡು ಕುಚ್ಚು ಕಟ್ಟತೊಡಗಿದಳು.

ಕ್ಯಾಮೆರಾದವನು ಕೈ ಎತ್ತಿದ. ಬೆಳಕು ಸರಿಹೋಗಲಿಲ್ಲ, ಇನ್ನೊಮ್ಮೆ ಮಾಡೋಣವೇ ಎಂದು ಕೇಳಿದ.

"ಆಸೆ ಬರೋವಾಗ ಬರತ್ತಪ್ಪ," ಎಂದಳು ರಂಜಿತಾ. "ನೀನು ಕರೆದಾಗ ಬರೋಕೆ ಅದೇನು ಆಟೋನಾ?"

ಎಲ್ಲರೂ ನಕ್ಕರು. ಬಾಗಿಲ ಪಕ್ಕ ನಿಂತಿದ್ದ ಯಶಸ್ವಿನಿಯೂ ನಕ್ಕಳು. ಆ ಬಳೆಯನ್ನು ಕಂಡುಹಿಡಿದ ನರವಿಜ್ಞಾನಿ ಅವಳು. ರಂಜಿತಾ ಅವಳ ಅಕ್ಕ. ಅದು 2057ರ ಬೇಸಿಗೆ. ಮೈಸೂರಿನ ಸರಸ್ವತಿಪುರಂನ ಅಕ್ಕನ ಮನೆಯ ಪುಟ್ಟ ಹಾಲಿನಲ್ಲಿ ತೆಗೆಯುತ್ತಿದ್ದ ಚಿತ್ರ ದೂರದೇಶದ ಒಂದು ವ್ಯಾಪಾರ ನ್ಯಾಯಮಂಡಳಿಗೆ ಹೋಗಬೇಕಾಗಿತ್ತು.

ಜೂಜಿನ ಆಸೆ ಮನಸ್ಸಿಗೆ ತಿಳಿಯುವ ಮೊದಲೇ ಮೈಗೆ ತಿಳಿದಿರುತ್ತದೆ. ನಾಡಿಯ ಲಯ ಬದಲಾಗುತ್ತದೆ. ಅಂಗೈ ಸಣ್ಣಗೆ ಬೆವರುತ್ತದೆ. ಹೆಬ್ಬೆರಳನ್ನು ಆಡಿಸುವ ಸ್ನಾಯುವಿನಲ್ಲಿ, ಬೆರಳು ಅಲುಗುವುದಕ್ಕೆ ಮುಂಚೆಯೇ, ಕ್ಷೀಣವಾದ ವಿದ್ಯುತ್ತು ಹರಿಯುತ್ತದೆ. ಈ ಮೂರೂ ಒಟ್ಟಿಗೆ ಬಂದರೆ ಬಳೆ ಫೋನಿಗೆ ಸಂದೇಶ ಕಳಿಸಿ ಆಟವನ್ನು ಹತ್ತು ನಿಮಿಷ ಮರೆಮಾಡುತ್ತದೆ. ಯಶಸ್ವಿನಿ ವರ್ಷಗಟ್ಟಲೆ ಕೂತು ಕಂಡುಕೊಂಡದ್ದು ಇಷ್ಟೇ. ಆ ಹತ್ತು ನಿಮಿಷ ದಾಟಿಸಿದರೆ ಆಸೆ ತಾನಾಗಿ ಇಳಿಯುತ್ತದೆ.

ಅವಳು ಅದನ್ನು ಕಂಡುಕೊಂಡದ್ದು ಪ್ರಯೋಗಾಲಯದಲ್ಲಲ್ಲ, ಇದೇ ಹಾಲಿನಲ್ಲಿ. ಭಾವ ತೀರಿಕೊಂಡ ವರ್ಷ ಅಕ್ಕ ಫೋನಿನಲ್ಲಿ ಇಸ್ಪೀಟು ಆಡಲು ಶುರುಮಾಡಿದ್ದಳು. ಅಮ್ಮನ ಓಲೆ ಹೋಯಿತು, ಹೊಲಿಗೆ ಯಂತ್ರ ಹೋಯಿತು, ಅಕ್ಕಪಕ್ಕದವರೊಡನೆ ಇದ್ದ ಮಾತುಕತೆಯೂ ಹೋಯಿತು. ಯಶಸ್ವಿನಿ ದಿನಾ ಬಂದು ಅಕ್ಕನ ಎದುರು ಕೂರುತ್ತಿದ್ದಳು. ಏನೋ ಮಾತಾಡುತ್ತಲೇ ಅವಳ ಕಣ್ಣು ಅಕ್ಕನ ಕೈಗಳ ಮೇಲಿರುತ್ತಿತ್ತು. ಎಳೆ ಸೇರಿಸಿ, ಮಣಿ ಪೋಣಿಸಿ, ಗಂಟು ಬಿಗಿದು, ತುದಿ ಕತ್ತರಿಸುವ ಆ ಕೈ ನಡುನಡುವೆ ಗಾಳಿಯಲ್ಲಿ ಹಾಗೇ ನಿಂತುಬಿಡುತ್ತಿತ್ತು. ಕೈ ನಿಂತ ಸ್ವಲ್ಪ ಹೊತ್ತಿಗೆ ಅಕ್ಕ ಏನಾದರೊಂದು ನೆಪ ಹೇಳಿ ಫೋನು ಹಿಡಿದು ಒಳಕೋಣೆಗೆ ಹೋಗುತ್ತಿದ್ದಳು. ಕೈಗೆ ಮೊದಲೇ ಗೊತ್ತಾಗುತ್ತದೆ ಎಂಬುದು ಯಶಸ್ವಿನಿಗೆ ಹೊಳೆದದ್ದು ಆಗ.

ಮೊದಲ ಬಳೆಯನ್ನು ತೊಟ್ಟವಳು ಅಕ್ಕನೇ. ಆಮೇಲೆ ಊರೂರಿನ ಹೆಂಗಸರು ತೊಟ್ಟರು. ಗಂಡಸರು ಮಾಡುವ ಸಾಲದ ಗಲಾಟೆ ಬೀದಿಗೆ ಕೇಳಿಸುತ್ತಿತ್ತು. ಹೆಂಗಸರದು ಸೆರಗಿನೊಳಗೇ ಉಳಿದಿತ್ತು. ಬಳೆ ತೊಟ್ಟರೆ ಯಾರೂ ಏಕೆ ಎಂದು ಕೇಳುತ್ತಿರಲಿಲ್ಲ. ಕೊನೆಗೆ ಕಾನೂನೇ ಬಂತು. ದೇಶದೊಳಗೆ ನಡೆಯುವ ಪ್ರತಿ ಆನ್‌ಲೈನ್ ಜೂಜೂ ಬಳೆಯ ಮಾತು ಕೇಳಬೇಕು, ಕೇಳದ ಹೊರದೇಶದ ಆಟಗಳಿಗೆ ಪ್ರವೇಶವಿಲ್ಲ.

ಸಾಂತ ಒರೇಲ ಎಂಬ ಪುಟ್ಟ ದ್ವೀಪರಾಷ್ಟ್ರ ಇದನ್ನು ಪ್ರಶ್ನಿಸಿತು. ಬಿರುಗಾಳಿಗಳು ಅಲ್ಲಿನ ಮೀನುಗಾರಿಕೆಯನ್ನು ನುಂಗಿದ ಮೇಲೆ ಆ ದೇಶ ಬದುಕಿದ್ದೇ ಜಗತ್ತಿಗೆ ಜೂಜಿನ ಆಟಗಳನ್ನು ಮಾರಿ.

ವ್ಯಾಪಾರದ ನಿಯಮ ಸರಳವಾಗಿತ್ತು. ತನ್ನ ಜನರನ್ನು ಕೇಡಿನಿಂದ ಕಾಪಾಡಲು ಒಂದು ದೇಶ ಹೊರಗಿನ ಜೂಜನ್ನು ತಡೆಯಬಹುದು. ಆದರೆ ಅದೇ ಜೂಜನ್ನು ತಾನು ಒಳಗೆ ತಡೆಯಿಲ್ಲದೆ ಮಾರುತ್ತ, ಹೊರಗಿನವರಿಗೆ ಮಾತ್ರ ಬಾಗಿಲು ಹಾಕುವಂತಿಲ್ಲ. ನಮ್ಮಲ್ಲಿ ಬಳೆಯ ತಡೆಯಿಲ್ಲದ ಜೂಜೇ ಇಲ್ಲ ಎಂದು ಸರ್ಕಾರ ಹೇಳಿತು. ಚಿತ್ರದ ಜೊತೆಗೆ, ಸಾಕ್ಷಿ ಹೇಳಲು ರಂಜಿತಾಳನ್ನೂ ಕರೆದೊಯ್ಯಲು ನಿರ್ಧರಿಸಿತು. ಬಳೆಯಿಂದ ಬದುಕಿದ ಮೊದಲ ಹೆಂಗಸಿಗಿಂತ ದೊಡ್ಡ ಸಾಕ್ಷಿ ಯಾವುದಿದೆ?

ಅಕ್ಕ ಚೀಲದಲ್ಲಿ ಚಟ್ನಿಪುಡಿ ತುಂಬಿಕೊಂಡಳು, ವಿಮಾನದಲ್ಲಿ ಪಕ್ಕದ ಸೀಟಿನವಳ ಶಾಲಿನ ಅಂಚನ್ನು ಮುಟ್ಟಿ ನೋಡಿ ಗಂಟು ಸಡಿಲ ಎಂದು ತಂಗಿಯ ಕಿವಿಯಲ್ಲಿ ಹೇಳಿದಳು. ಹಿಂದೆ ಯಾರ ಮುಖವನ್ನೂ ನೋಡದೆ ಬಾಗಿಲು ಹಾಕಿ ಕೂತಿದ್ದವಳು ಈಗ ಇಡೀ ಲೋಕದ ಮುಂದೆ ಮಾತಾಡಲು ಹೊರಟಿದ್ದಾಳೆ. ಯಶಸ್ವಿನಿಗೆ ತನ್ನ ಬದುಕಿನಲ್ಲಿ ಇಷ್ಟು ಸಾಕು ಅನ್ನಿಸಿತು.

ನ್ಯಾಯಮಂಡಳಿಯಲ್ಲಿ ಎಲ್ಲರ ಕಿವಿಗೂ ಅನುವಾದದ ಯಂತ್ರ. ಅಕ್ಕ ತನ್ನ ಕತೆಯನ್ನು ಅಳದೆ, ಉಬ್ಬಿಸದೆ ಹೇಳಿದಳು. ಮೂವರು ನ್ಯಾಯಾಧೀಶರಲ್ಲಿ ಒಬ್ಬಾಕೆ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ದ್ವೀಪದ ಪರವಾಗಿ ಆಡೆಲ್ ಬರ್ಟನ್ ಎಂಬ ವಕೀಲೆ ಎದ್ದಳು. ಅರವತ್ತು ದಾಟಿದ, ದನಿ ಎತ್ತದ ಹೆಂಗಸು. ಯಂತ್ರ ಅವಳ ಪ್ರಶ್ನೆಯನ್ನು ಪುಸ್ತಕದ ಕನ್ನಡದಲ್ಲಿ ಹೇಳಿತು.

"ಈಗ ನಿಮ್ಮ ಮಧ್ಯಾಹ್ನಗಳು ಹೇಗೆ ಕಳೆಯುತ್ತವೆ?"

"ಕುಚ್ಚು ಕಟ್ತೀನಿ. ಬೇಜಾರಾದ್ರೆ ಭಾಗ್ಯಬಿಂದು ಆಡ್ತೀನಿ."

"ಎಷ್ಟು ಹೊತ್ತು?"

"ಊಟ ಆದ್ಮೇಲೆ ಕೂತ್ರೆ ದೀಪ ಹಚ್ಚೋವರ್ಗೂ." ಮೊಮ್ಮಕ್ಕಳ ಸುದ್ದಿ ಹೇಳುವಷ್ಟು ನಿರಾಳವಾಗಿ ಹೇಳಿದಳು ಅಕ್ಕ. ಎದುರಿನವಳ ಮುಖ ನೋಡಿ, ಅವಳಿಗೆ ಅರ್ಥವಾಗಿಲ್ಲವೇನೋ ಎಂದು ಬಿಡಿಸಿಯೂ ಹೇಳಿದಳು. "ಅದು ಜೂಜಲ್ಲಮ್ಮ. ಜೂಜಾಗಿದ್ರೆ ಬಳೆ ಹಿಡೀತಿತ್ತಲ್ಲ? ನನ್ ತಂಗಿ ಮಾಡಿರೋ ಬಳೆ, ಸುಳ್ಳು ಹೇಳಲ್ಲ."

ಯಶಸ್ವಿನಿ ಕೂತಲ್ಲೇ ಮುಂದಕ್ಕೆ ಬಾಗಿದಳು.

ಭಾಗ್ಯಬಿಂದು ಸರ್ಕಾರದ್ದೇ ಆಟ. ದುಡ್ಡು ಕೊಟ್ಟು, ಫೋನಿನಲ್ಲಿ ಚುಕ್ಕಿ ಉಜ್ಜಿ ಬಹುಮಾನ ಬಂತೇ ಎಂದು ನೋಡುವುದು. ಬಂದ ಹಣ ಅಂಗನವಾಡಿಗಳ ಊಟಕ್ಕೆ. ಬಳೆಗೆ ಅನುಮತಿ ಸಿಗುವ ಮೊದಲು ನಿಶಾಂತ್ ಎಂಬ ಅಧಿಕಾರಿ ಅವಳ ಪ್ರಯೋಗಾಲಯಕ್ಕೆ ಬಂದಿದ್ದ. ಅದು ಜೂಜಲ್ಲ ಮೇಡಂ, ಕಲ್ಯಾಣನಿಧಿ, ಬಳೆ ಅದರ ಹತ್ತಿರ ಸುಮ್ಮನಿದ್ದರೆ ಸಾಕು ಎಂದಿದ್ದ. ಅವಳು ವಾದಿಸಿದಳು, ಸಿಟ್ಟಾದಳು. ಕೊನೆಗೆ, ಬಳೆಯೇ ಇಲ್ಲದಿರುವುದಕ್ಕಿಂತ ಇದು ಮೇಲು ಎಂದು ಒಪ್ಪಿದಳು. ಭಾಗ್ಯಬಿಂದು ಕಂಡರೆ ಸುಮ್ಮನಿರು ಎಂಬ ಒಂದು ಸಾಲನ್ನು ಬಳೆಯೊಳಗೆ ಬರೆದಳು. ಅದೊಂದು ತಾಂತ್ರಿಕ ವಿಷಯವಾಗಿತ್ತು. ಅಕ್ಕನಿಗೆ ಹೇಳಬೇಕೆಂದು ಅವಳಿಗೆ ತೋಚಿರಲಿಲ್ಲ.

ಆಡೆಲ್ ಒಂದು ಪ್ರಯೋಗಕ್ಕೆ ಅನುಮತಿ ಕೇಳಿದಳು. ಬಳೆ ಒಳಗೊಳಗೇ ಅಳೆಯುವುದನ್ನೆಲ್ಲ ಗೋಡೆಯ ಮೇಲೆ ಕಾಣಿಸಲಾಯಿತು. ನಾಡಿ, ಬೆವರು, ಬೆರಳಿನ ವಿದ್ಯುತ್ತು, ಮೂರು ಗೆರೆಗಳು. ಅಕ್ಕನಿಗೆ ಮೊದಲು, ಪ್ರಯೋಗಕ್ಕೆಂದು ಬಳೆಗೆ ಜೋಡಿಸಿದ್ದ ದ್ವೀಪದ ಇಸ್ಪೀಟಿನ ಆಟವನ್ನು ತೆರೆಯಲು ಹೇಳಿದರು. ಗೆರೆಗಳು ಏರಿದವು, ಬಳೆ ಬಿಗಿಯಿತು, ಪರದೆ ಬಂತು. ಆಮೇಲೆ ಭಾಗ್ಯಬಿಂದು. ಗೆರೆಗಳು ಮತ್ತೆ ಏರಿದವು. ಮೊದಲಿಗಿಂತ ಮೇಲೆ ಹೋದವು. ಅಕ್ಕನ ಹೆಬ್ಬೆರಳು ಚುಕ್ಕಿ ಉಜ್ಜಿತು, ಇನ್ನೊಂದು ಉಜ್ಜಿತು, ಮತ್ತೊಂದು. ತಾನು ಎಲ್ಲಿದ್ದೇನೆ ಎಂಬುದೇ ಅವಳಿಗೆ ಮರೆತಂತಿತ್ತು. ಬಳೆ ಸುಮ್ಮನಿತ್ತು.

ಆ ಗೆರೆಗಳನ್ನು ಯಶಸ್ವಿನಿಯಷ್ಟು ಚೆನ್ನಾಗಿ ಓದಬಲ್ಲವರು ಆ ಸಭೆಯಲ್ಲಿ ಯಾರೂ ಇರಲಿಲ್ಲ. ಅಕ್ಕ ಗುಣವಾಗಿರಲಿಲ್ಲ. ಒಂದು ದಿನವೂ ಆಗಿರಲಿಲ್ಲ. ಅಕ್ಕನ ಮನೆಯ ಬಾಗಿಲ ಹಿಂದೆ ಒಂದರ ಮೇಲೊಂದು ಪೇರಿಸಿಟ್ಟಿದ್ದ ಸೀರೆಗಳು ಅವಳ ಕಣ್ಣಮುಂದೆ ಬಂದವು. ಎಲ್ಲವಕ್ಕೂ ಅರ್ಧಕ್ಕೆ ನಿಂತ ಕುಚ್ಚು. ಅಕ್ಕನಿಗೆ ಕೈತುಂಬ ಕೆಲಸ ಎಂದು ಅವಳು ಸಂತೋಷಪಟ್ಟಿದ್ದಳು. ಬಳೆ ತೊಡಿಸಿದ ದಿನದಿಂದ ಅವಳು ಅಕ್ಕನ ಕೈ ನೋಡುವುದನ್ನು ಬಿಟ್ಟಿದ್ದಳು. ನೋಡಲು ಬಳೆ ಇತ್ತಲ್ಲ.

ಆಡೆಲ್ ಗೆದ್ದವಳಂತೆ ನಗಲಿಲ್ಲ. ಕೂರುವ ಮೊದಲು ಒಮ್ಮೆ ಯಶಸ್ವಿನಿಯತ್ತ ನೋಡಿದಳು, ಅಷ್ಟೆ.

ಹೋಟೆಲಿನ ಕೋಣೆಯಲ್ಲಿ ಅಕ್ಕ ಉಟ್ಟ ಸೀರೆ ಬಿಚ್ಚಿ ನಿಧಾನವಾಗಿ ಮಡಿಚಿದಳು.

"ಅದು ಸುಮ್ನಿತ್ತಲ್ಲೇ ಯಶು."

"ಸುಮ್ನಿರು ಅಂತ ನಾನೇ ಹೇಳಿದ್ದೆ ಅಕ್ಕ." ಅವಳು ಎಲ್ಲವನ್ನೂ ಹೇಳಿದಳು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. "ನನಗೊಂದು ಮಾತು ಹೇಳ್ಬಹುದಿತ್ತು," ಎಂದಳು. "ಒಳಗೇನೋ ಸರಿಯಿಲ್ಲ ಅನ್ನಿಸೋದು ಕಣೇ. ಬಳೆ ನೋಡ್ಕೊಳ್ತಿದ್ದೆ. ಅದು ಸುಮ್ನಿದೆ, ಹಾಗಾದ್ರೆ ನಾನೂ ಸರಿಯಾಗಿದೀನಿ ಅಂದ್ಕೊಳ್ತಿದ್ದೆ." ಬಳೆಯನ್ನು ಬಿಚ್ಚಿ, ಸ್ನಾನದಮನೆಯ ಕನ್ನಡಿಯ ಕೆಳಗಿಟ್ಟು ಬಂದಳು. ಹೊರಡುವಾಗ ಅದನ್ನು ತೆಗೆದುಕೊಳ್ಳಲಿಲ್ಲ. ಯಶಸ್ವಿನಿಯೂ ನೆನಪಿಸಲಿಲ್ಲ.

ತೀರ್ಪು ದ್ವೀಪದ ಪರವಾಗಿ ಬಂತು. ಸರ್ಕಾರದ ಮುಂದೆ ಮೂರು ದಾರಿಗಳಿದ್ದವು. ಹೊರಗಿನ ಆಟಗಳನ್ನು ಒಳಗೆ ಬಿಡಬೇಕು. ಇಲ್ಲವೇ ಭಾಗ್ಯಬಿಂದುವಿಗೂ ಬಳೆಯ ತಡೆ ಹಾಕಬೇಕು. ಎರಡೂ ಬೇಡವಾದರೆ, ದ್ವೀಪಕ್ಕಾದ ನಷ್ಟಕ್ಕೆ ಬದಲಾಗಿ ನಮ್ಮ ದೇಶದ ಒಂದು ಪೇಟೆಂಟನ್ನು, ಅಂದರೆ ಆವಿಷ್ಕಾರದ ಮೇಲಿನ ಹಕ್ಕನ್ನು, ಅದು ಯಾರನ್ನೂ ಕೇಳದೆ ಬಳಸಿಕೊಳ್ಳಬಹುದು. ಯಾವ ಪೇಟೆಂಟ್ ಎಂಬುದನ್ನು ದ್ವೀಪ ಆಗಲೇ ಹೇಳಿತ್ತು.

ಭಾಗ್ಯಬಿಂದುವಿಗೂ ತಡೆ ಹಾಕುತ್ತಾರೆ ಎಂದು ಯಶಸ್ವಿನಿ ನಂಬಿದ್ದಳು. ಒಂದು ಸಾಲು ಅಳಿಸಿದರೆ ಸಾಕು, ಅರ್ಧ ದಿನದ ಕೆಲಸ ಎಂದು ಫೋನಿನಲ್ಲಿ ನಿಶಾಂತ್‌ಗೆ ಹೇಳಿದಳು.

"ಲೆಕ್ಕ ಹಾಕಿ ನೋಡಿದ್ವಿ ಮೇಡಂ," ಎಂದ ಅವನು ಮರ್ಯಾದೆಯಿಂದ. "ನಿಮ್ಮ ಬಳೆ ಬಿಟ್ಕೊಡೋದೇ ಅಗ್ಗ."

ಫೋನು ಇಟ್ಟ ಮೇಲೂ ಆ ಮಾತು ಅವಳ ಕಿವಿಯಲ್ಲೇ ಇತ್ತು. ಅವನ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ತರಕಾರಿ ಆರಿಸಿಕೊಂಡವನ ದನಿಯಂತಿತ್ತು.

ವರ್ಷ ತಿರುಗುವುದರೊಳಗೆ ವಿವಾದ ಸೌಹಾರ್ದದಿಂದ ಮುಗಿಯಿತು ಎಂದು ಸುದ್ದಿಯಾಯಿತು. ಎರಡು ದೇಶಗಳೂ ಸೇರಿ ಏನೋ ಒಪ್ಪಂದ ಮಾಡಿಕೊಂಡಿದ್ದವು. ಏನೆಂದು ಯಶಸ್ವಿನಿಗೆ ತಿಳಿದದ್ದು ದೇವರಾಜ ಮಾರುಕಟ್ಟೆಯ ಬಳೆ ಅಂಗಡಿಯಲ್ಲಿ. ಗಾಜಿನ ಬಳೆಗಳ ಸಾಲಿನ ಮುಂದೆ ಕೆಂಪು, ಹಸಿರು, ಚಿನ್ನದ ಬಣ್ಣದ ಹೊಸ ಬಳೆಗಳು ತೂಗುತ್ತಿದ್ದವು. ಒಂದೊಂದರ ಮೇಲೂ ಭಾಗ್ಯಬಿಂದುವಿನ ಗುರುತು. ಕೆಳಗೆ ಸಣ್ಣ ಅಕ್ಷರದಲ್ಲಿ, ಸಾಂತ ಒರೇಲದಲ್ಲಿ ತಯಾರಿಸಿದ್ದು.

"ತಗೊಳ್ಳಿ ಮೇಡಂ, ಇದಕ್ಕೆ ದುಡ್ಡಿಲ್ಲ," ಎಂದ ಅಂಗಡಿಯವನು. "ಎಲ್ರೂ ತಗೊಂಡ್ ಹೋಗ್ತಿದಾರೆ."

ಪ್ರಯೋಗಾಲಯದಲ್ಲಿ ಅದನ್ನು ಬಿಚ್ಚಿ, ಒಳಗಿನ ಬರಹವನ್ನು ಓದಿದಳು. ಎಲ್ಲ ಅವಳದೇ. ನಾಡಿ, ಬೆವರು, ಬೆರಳು. ಅದೇ ಮೂರು ಲಕ್ಷಣಗಳು, ಅವಳೇ ಬರೆದ ಸಾಲುಗಳು, ಒಂದೆಡೆ ಅವಳೇ ಮಾಡಿ ತಿದ್ದದೆ ಬಿಟ್ಟಿದ್ದ ಸಣ್ಣ ತಪ್ಪು ಕೂಡ. ಕೊನೆಯ ಆಜ್ಞೆ ಮಾತ್ರ ಬೇರೆ. ಆಸೆ ಹುಟ್ಟಿದ ಕ್ಷಣದಲ್ಲಿ ಆಟವನ್ನು ಮರೆಮಾಡು ಎಂದಿದ್ದಲ್ಲಿ, ಆಟವನ್ನು ತೆರೆ ಎಂದಿತ್ತು. ಅಕ್ಕನ ಕೈ ಗಾಳಿಯಲ್ಲಿ ನಿಲ್ಲುವ ಆ ಗಳಿಗೆಯನ್ನು ಲೋಕಕ್ಕೆ ತೋರಿಸಿಕೊಟ್ಟವಳು ತಾನು. ಅಲ್ಲಿ ಬಾಗಿಲು ಹಾಕಬೇಕೆಂದಿದ್ದಳು. ಅವರಿಗೆ ಬೇಕಾಗಿದ್ದದ್ದು ಬಾಗಿಲು ಎಲ್ಲಿದೆ ಎಂಬುದಷ್ಟೆ.

ಅಂದು ಮಧ್ಯಾಹ್ನವೂ ಅವಳು ಅಕ್ಕನ ಮನೆಗೆ ಹೋದಳು. ದೂರದೇಶದಿಂದ ಬಂದ ಮೇಲೆ ದಿನಾ ಹೋಗುತ್ತಿದ್ದಳು. ಫೋನು ಇಬ್ಬರ ನಡುವೆ ಚಾಪೆಯ ಮೇಲೆ ಮಗುಚಿಕೊಂಡಿರುತ್ತಿತ್ತು. ಅದನ್ನು ಒಳಗೆ ಬಚ್ಚಿಡಬಾರದು ಎಂದು ಅಕ್ಕನೇ ಹೇಳಿದ್ದಳು. ಸೀರೆ ಕೊಡುವವರು ಕರೆಯುವುದೂ ಅದರಲ್ಲೇ. ಅಕ್ಕ ಕುಚ್ಚು ಕಟ್ಟುತ್ತಿದ್ದಳು. ಆಸೆ ಬಂದಾಗ "ಬಂತು" ಎನ್ನುತ್ತಿದ್ದಳು. ಆಗ ಯಶಸ್ವಿನಿ ಅವಳ ಮಣಿಕಟ್ಟನ್ನು ಹಿಡಿದು ಕೂರುತ್ತಿದ್ದಳು. ಬೆರಳಡಿಯಲ್ಲಿ ನಾಡಿ ಓಡುವುದು, ಆಮೇಲೆ ಮೆಲ್ಲಗೆ ತಗ್ಗುವುದು ತಿಳಿಯುತ್ತಿತ್ತು. ಕೆಲವು ದಿನ ಅಕ್ಕ ಕೈ ಕಿತ್ತುಕೊಂಡದ್ದೂ ಉಂಟು. ಬಾಗಿಲ ಹಿಂದಿನ ರಾಶಿಯಿಂದ ಎರಡು ಸೀರೆಗಳು ಮುಗಿದು ಹೋಗಿದ್ದವು.

ಯಶಸ್ವಿನಿ ಹೊಸ ಬಳೆಯ ವಿಷಯ ಹೇಳಿದಳು. ಬಿಚ್ಚಿದ ಬಳೆಯನ್ನು ಪ್ರಯೋಗಾಲಯದಲ್ಲೇ ಬಿಟ್ಟು ಬಂದಿದ್ದಳು. ಅದನ್ನು ಈ ಮನೆಯೊಳಗೆ ತರಲು ಕೈ ಬಂದಿರಲಿಲ್ಲ. ಅಕ್ಕ ಕೇಳುತ್ತ ಎರಡು ಗಂಟು ಹಾಕಿದಳು.

"ನಾವು ಕಾಲೇಜಿಗೆ ಹೋಗೋವಾಗ ಫೋನಲ್ಲಿ ಕ್ರಿಕೆಟ್ ನೋಡ್ತಿದ್ವಲ್ಲ ಯಶು. ಓವರ್ ಮುಗಿಯೋದೇ ತಡ, ಆಡಿ ಗೆಲ್ಲಿ ಅಂತ ಜಾಹೀರಾತು ಬರೋದು. ಕೊನೇಲಿ ಒಬ್ಬ ಗಡಗಡ ಓದ್ಬಿಡ್ತಿದ್ದ, ಚಟ ಆಗ್ಬಹುದು ಅಂತ."

"ಹೂಂ. ಅವನ ಥರ ಮಾತಾಡಿ ತೋರಿಸ್ತಿದ್ದೆ ನೀನು."

ಅಕ್ಕ ಸ್ವಲ್ಪ ನಕ್ಕಳು. "ನಿನ್ನ ಭಾವ ಹೋದ್ಮೇಲೂ ಹಾಗೇ. ಬಂದೋರೆಲ್ಲ ಎದ್ದು ಹೋಗಿ, ಮನೆ ಖಾಲಿ ಆಯ್ತು ಅನ್ನೋ ಹೊತ್ತಿಗೆ ಸರಿಯಾಗಿ ಬರೋದು. ಬನ್ನಿ, ಒಂದು ಕೈ ಆಡಿ ಅಂತ. ಮನೇಲಿ ಯಾರಾದ್ರೂ ಇದ್ದಾಗ ಒಂದು ದಿನವೂ ಬರ್ಲಿಲ್ಲ." ಕತ್ತರಿ ಕೆಳಗಿಟ್ಟಳು. "ಆಗ ನನ್ನ ಕೈಯಲ್ಲಿ ಯಾವ ಬಳೇನೂ ಇರ್ಲಿಲ್ಲ ಕಣೇ. ಅವರಿಗೆ ಹೇಗೆ ಗೊತ್ತಾಗ್ತಿತ್ತು?"

ಯಶಸ್ವಿನಿಗೆ ಉತ್ತರ ಗೊತ್ತಿತ್ತು. ಬೆರಳು ಎಷ್ಟು ಬೇಗ ಓಡುತ್ತದೆ, ಎಲ್ಲಿ ತಡೆಯುತ್ತದೆ, ಯಾವ ಹೊತ್ತಿನಲ್ಲಿ ಫೋನನ್ನು ಸುಮ್ಮಸುಮ್ಮನೆ ಎತ್ತಿಕೊಳ್ಳುತ್ತದೆ. ತಾವು ಹುಡುಗಿಯರಾಗಿದ್ದ ಕಾಲದಲ್ಲೇ ಇದನ್ನೆಲ್ಲ ಫೋನಿನ ಮೂಲಕವೇ ಯಾರೋ ಅಳೆಯುತ್ತಿದ್ದರು. ತಾನು ಜಗತ್ತಿನಲ್ಲಿ ಮೊದಲು ಕಂಡುಹಿಡಿದೆ ಎಂದುಕೊಂಡದ್ದನ್ನು ಅಂಗೈಯಲ್ಲೇ ಹಿಡಿದುಕೊಂಡು ಇಡೀ ದೇಶ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಹಾಸಿಗೆಯಲ್ಲಿ ಓಡಾಡಿತ್ತು. ಅವಳು ಹೇಳಲು ಬಾಯಿ ತೆರೆದಳು.

ಅಕ್ಕನ ಕೈ ಗಾಳಿಯಲ್ಲಿ ನಿಂತಿತು.

"ಬಂತು," ಎಂದಳು ಅಕ್ಕ.

ಯಶಸ್ವಿನಿ ಮಣಿಕಟ್ಟನ್ನು ಹಿಡಿದಳು. ನಾಡಿ ಓಡುತ್ತಿತ್ತು. ಆಗಲೇ, ಚಾಪೆಯ ಮೇಲೆ ಮಗುಚಿಕೊಂಡಿದ್ದ ಫೋನಿನ ಅಂಚಿನ ಸುತ್ತ, ಕರೆಯ ಸದ್ದಿಲ್ಲದೆ, ಬೆಳಕು ಹೊತ್ತಿಕೊಂಡಿತು.

ಇಬ್ಬರೂ ಅದನ್ನು ನೋಡಿದರು. ಬಳೆ ಇಬ್ಬರ ಕೈಯಲ್ಲೂ ಇರಲಿಲ್ಲ.